ನಡುವಯಸ್ಸಿನಲ್ಲಿ ಬ್ರೇಸಸ್ ಮತ್ತು ದವಡೆ ಸರ್ಜರಿ: ಹಲ್ಲಿಗೆ ತಂತಿ ಹಾಕಿಸುವ ಮೊದಲೇ ಸರ್ಜನ್‌ ಹತ್ತಿರ ಹೋಗಿ

ಮೊದಲು ರೇಟಿಂಗ್ ಹೇಳಿಬಿಡುತ್ತೇನೆ. ಬ್ರೇಸಸ್ ಜೊತೆಗೆ ದವಡೆ ಸರ್ಜರಿ ಅನ್ನುವ ಈ ಚಿಕಿತ್ಸೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಸರ್ಜರಿ ಮಾಡಿದವರಿಗೆ, ಕೊನೆಯವರೆಗೆ ಹಲ್ಲು ನೋಡಿಕೊಂಡವರಿಗೆ ಪೂರ್ತಿ ಅಂಕ ಕೊಡಬಹುದು. ಒಂದು ಅಂಕ ಕಡಿಮೆ ಮಾಡಿದ್ದು, ನಮ್ಮ ವಯಸ್ಸಿನವರು ಮೊದಲ ಸಲ ವಿಚಾರಿಸಲು ಹೋದಾಗ ಸಿಗುವ ಅರೆಬರೆ ಮಾಹಿತಿಗೆ. ಈ ಚಿಕಿತ್ಸೆಯ ಅತಿ ದೊಡ್ಡ ನಿರ್ಧಾರ ಹಲ್ಲಿಗೆ ಮೊದಲ ಬ್ರಾಕೆಟ್ (ತಂತಿ ಹಿಡಿದಿಡುವ ಪುಟ್ಟ ತುಂಡು) ಅಂಟಿಸುವ ಮುಂಚೆಯೇ ಆಗಬೇಕು. ಅದನ್ನು ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ತೊಂದರೆ ಏನಿತ್ತು ಅಂದರೆ, ಬಾಯಿ ಮುಚ್ಚಿದಾಗ ಹಿಂದಿನ ದವಡೆ ಹಲ್ಲುಗಳು ಮಾತ್ರ ತಾಗುತ್ತಿದ್ದವು. ಮುಂದಿನ ಹಲ್ಲುಗಳ ಮಧ್ಯೆ ಸಂದು ಉಳಿಯುತ್ತಿತ್ತು. ಇದಕ್ಕೆ ಓಪನ್ ಬೈಟ್ ಅಂತಾರೆ. ಜೊತೆಗೆ ಕೆಳದವಡೆ ಹಿಂದಕ್ಕೆ ಸರಿದಿತ್ತು. ಚಿಕ್ಕಂದಿನಿಂದಲೂ ಹೀಗೇ. ಯಾವುದನ್ನೂ ಮುಂದಿನ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಲು ಆಗುತ್ತಿರಲಿಲ್ಲ, ಕೈಯಲ್ಲೇ ಮುರಿದು ಬಾಯಿಗೆ ಇಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. ಅದೊಂದು ಸಮಸ್ಯೆ ಅಂತ ಅನ್ನಿಸಿರಲೇ ಇಲ್ಲ.

ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಇಷ್ಟು ವರ್ಷ ಅಗಿಯುವ ಭಾರವನ್ನೆಲ್ಲಾ ಹೊತ್ತಿದ್ದ ಹಿಂದಿನ ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು. ಒಂದು ಸೀಳಿತು. ರೂಟ್ ಕೆನಾಲ್ ಆಯಿತು, ಕ್ಯಾಪ್ ಆಯಿತು, ಆಮೇಲೆ ಇನ್ನೊಂದು ಕಡೆಯ ಹಲ್ಲಿನಲ್ಲೂ ಬಿರುಕು. ನಮ್ಮ ಮಾಮೂಲಿ ಹಲ್ಲಿನ ಡಾಕ್ಟರ್ ನೇರವಾಗಿ ಹೇಳಿದರು: "ನಾನು ಕ್ಯಾಪ್ ಹಾಕುತ್ತಾ ಹೋಗಬಹುದು. ಆದರೆ ನೀವು ಕಚ್ಚುವ ರೀತಿ ಸರಿಯಾಗದೆ ಇದು ನಿಲ್ಲುವುದಿಲ್ಲ." ಆ ಮಾತಿಗೆ ನಾನು ಇವತ್ತಿಗೂ ಕೃತಜ್ಞ. ರಾತ್ರಿ ಗೊರಕೆ ಬೇರೆ ಜಾಸ್ತಿಯಾಗಿತ್ತು, ಬೆಳಿಗ್ಗೆ ಎದ್ದಾಗ ನಿದ್ದೆ ಮಾಡಿದ ಹಾಗೇ ಇರುತ್ತಿರಲಿಲ್ಲ. ಅದಕ್ಕೂ ಹಿಂದೆ ಸರಿದ ದವಡೆಗೂ ಸಂಬಂಧ ಇರಬಹುದು ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಮೊದಲು ಹೋದ ಕ್ಲಿನಿಕ್‌ನಲ್ಲಿ ಬಾಯಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಹಲ್ಲುಗಳು ಜರುಗಿ ಸಾಲಾಗಿ ನಿಲ್ಲುವ ಅನಿಮೇಷನ್ ತೋರಿಸಿದರು. ಅಲೈನರ್ (ಹಲ್ಲಿನ ಮೇಲೆ ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಹಾಕಿ, ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಅಂದರು. ದವಡೆಯ ಎಕ್ಸ್‌ರೇ ತೆಗೆಯಲಿಲ್ಲ. ವಸಡು ಪರೀಕ್ಷಿಸಲಿಲ್ಲ. ಗೊರಕೆ ಬಗ್ಗೆ ಯಾರೂ ಕೇಳಲಿಲ್ಲ. ಇಂಥ ಜಾಗಕ್ಕೆ ನನ್ನ ರೇಟಿಂಗ್ ಸೊನ್ನೆ. ಅಲೈನರ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ, ಒಳ್ಳೆಯ ಆರ್ಥೊಡಾಂಟಿಸ್ಟ್ (ಹಲ್ಲು ಜರುಗಿಸಿ ಸಾಲು ಮಾಡುವ ಡಾಕ್ಟರ್) ಕೈಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೂಳೆಯಲ್ಲಿ ಇರುವ ಸಮಸ್ಯೆಯನ್ನು ಹಲ್ಲಿನ ಸಮಸ್ಯೆ ಅಂದುಕೊಂಡು ಮಾರುವುದು ತಪ್ಪು.

ಎರಡನೇ ಕಡೆ ಸಿಕ್ಕ ಆರ್ಥೊಡಾಂಟಿಸ್ಟ್ ಬೇರೆ ಥರದವರು. ಮುಖದ ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್ ಅನ್ನುವ ಎಕ್ಸ್‌ರೇ ತೆಗೆಸಿ, ಅದರ ಮೇಲೆ ಗೆರೆ ಎಳೆದು ತೋರಿಸಿದರು. ಮೇಲಿನ ದವಡೆಯ ಹಿಂಭಾಗ ಬೇಕಾದ್ದಕ್ಕಿಂತ ಕೆಳಕ್ಕೆ ಇಳಿದಿತ್ತು. ಹಾಗಾಗಿ ಹಿಂದಿನ ಹಲ್ಲು ಮೊದಲು ತಾಗಿ ಕೆಳದವಡೆ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ನನ್ನ ಕೆಳಗಿನ ಮುಂದಿನ ಹಲ್ಲುಗಳು ಮೇಲಿನವನ್ನು ಮುಟ್ಟಲು ತಾವಾಗಿಯೇ ಮುಂದಕ್ಕೆ ಬಾಗಿದ್ದವು. ದವಡೆ ಹಿಂದೆ ಉಳಿದರೆ ಹಲ್ಲುಗಳು ಹೀಗೆ ಬಾಗಿ ಕೊರತೆಯನ್ನು ಸ್ವಲ್ಪ ತುಂಬಿಕೊಳ್ಳುತ್ತವೆ. ಇದನ್ನು ಕಣ್ಣಾರೆ ನೋಡಿದಾಗ ನನ್ನ ಬಾಯಿಯೇ ಮೊದಲ ಸಲ ನನಗೆ ಅರ್ಥವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಳವಣಿಗೆ ನಿಂತ ಮೇಲೆ ದವಡೆ ಹೊಂದದಿದ್ದರೆ ಸರಿಪಡಿಸಲು ಇರುವ ದಾರಿ ಎರಡೇ. ಒಂದು, ಮೂಳೆಯನ್ನು ಮುಟ್ಟದೆ ಹಲ್ಲುಗಳನ್ನಷ್ಟೇ ಜರುಗಿಸಿ ಹೊಂದಿಸುವುದು. ಡಾಕ್ಟರುಗಳು ಇದನ್ನು ಕ್ಯಾಮೊಫ್ಲಾಜ್ ಅಂತಾರೆ. ಇನ್ನೊಂದು, ಹಲ್ಲನ್ನು ಅದರದರ ದವಡೆಯಲ್ಲಿ ನೆಟ್ಟಗೆ ನಿಲ್ಲಿಸಿ, ಆಮೇಲೆ ದವಡೆಯನ್ನೇ ಸರ್ಜರಿಯಲ್ಲಿ ಸರಿಯಾದ ಜಾಗಕ್ಕೆ ತರುವುದು. ಎರಡಕ್ಕೂ ಬ್ರೇಸಸ್ ಬೇಕು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಹಲ್ಲು ಜರುಗುವ ದಿಕ್ಕು ಉಲ್ಟಾ. ಕೆಳದವಡೆ ಹಿಂದೆ ಇರುವವರಿಗೆ ಕ್ಯಾಮೊಫ್ಲಾಜ್ ಮಾಡುವಾಗ ಜಾಗ ಬೇಕಾದರೆ ಸಾಮಾನ್ಯವಾಗಿ ಮೇಲಿನ ಸಾಲಿನ ಹಲ್ಲು ತೆಗೆದು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಸರ್ಜರಿಗೆ ತಯಾರು ಮಾಡುವಾಗ ಕೆಳಗಿನ ಸಾಲಿನದ್ದು ತೆಗೆದು, ಮುಂದಕ್ಕೆ ಬಾಗಿರುವ ಕೆಳಗಿನ ಹಲ್ಲನ್ನು ನೆಟ್ಟಗೆ ಮಾಡುತ್ತಾರೆ. ಅಂದರೆ ಮೇಲಿನ ಕೆಳಗಿನ ಸಾಲುಗಳ ಮುಂದು-ಹಿಂದಿನ ಅಂತರ ಒಂದರಲ್ಲಿ ಕಡಿಮೆಯಾಗುತ್ತದೆ, ಇನ್ನೊಂದರಲ್ಲಿ ಬೇಕೆಂದೇ ಜಾಸ್ತಿ ಮಾಡುತ್ತಾರೆ.

ಇದರ ಪರಿಣಾಮ ಯೋಚಿಸಿ ನೋಡಿ. "ಮೊದಲು ಬ್ರೇಸಸ್ ಹಾಕೋಣ, ನೋಡೋಣ, ಬೇಕಾದರೆ ಆಮೇಲೆ ಸರ್ಜರಿ" ಅಂತ ಯಾರಾದರೂ ಹೇಳಿದರೆ, ಮುಂದೆ ಸರ್ಜರಿ ಬೇಕಾದಾಗ ಹಲ್ಲುಗಳು ತಪ್ಪು ದಿಕ್ಕಿಗೆ ಹೋಗಿರುತ್ತವೆ. ಮತ್ತೆ ಅದನ್ನೆಲ್ಲಾ ವಾಪಸ್ ತರಬೇಕು. ಕಿತ್ತ ಹಲ್ಲು ವಾಪಸ್ ಬರುವುದಿಲ್ಲ. ಸರ್ಜರಿಗೆ ಅಂತ ತಯಾರಾಗಿ ಮಧ್ಯದಲ್ಲಿ ಬೇಡ ಅನ್ನಿಸಿದರೂ ಕಷ್ಟ, ಶುರು ಮಾಡಿದಾಗ ಇದ್ದದ್ದಕ್ಕಿಂತ ಕೆಟ್ಟದಾಗಿ ಕಚ್ಚುವ ಬಾಯಿ ಉಳಿಯುತ್ತದೆ. ಹಾಗಾಗಿ ಹದಿನಾರರ ಮಗುವಿರಲಿ, ಐವತ್ತರ ನಾವಿರಲಿ, ಆರ್ಥೊಡಾಂಟಿಸ್ಟ್ ಮತ್ತು ಮ್ಯಾಕ್ಸಿಲೋಫೇಶಿಯಲ್ ಸರ್ಜನ್ (ದವಡೆ ಮತ್ತು ಮುಖದ ಸರ್ಜರಿ ಮಾಡುವವರು) ಇಬ್ಬರೂ ಒಂದೇ ಎಕ್ಸ್‌ರೇ ನೋಡಿ, ಒಂದೇ ಪ್ಲಾನ್ ಬರೆದುಕೊಟ್ಟ ಮೇಲೆಯೇ ತಂತಿ ಹಾಕಿಸಿ. ಸುಮ್ನೆ ಫೋನ್‌ನಲ್ಲಿ ಮಾತಾಡಿಕೊಂಡಿದ್ದೇವೆ ಅಂದರೆ ಸಾಲದು. ನನ್ನ ಆರ್ಥೊಡಾಂಟಿಸ್ಟ್ "ಸರ್ಜನ್ ನೋಡುವ ತನಕ ನಾನು ಒಂದು ಬ್ರಾಕೆಟ್ ಕೂಡ ಅಂಟಿಸಲ್ಲ" ಅಂದರು. ಅವರ ಮೇಲೆ ನನಗೆ ನಂಬಿಕೆ ಬಂದಿದ್ದೇ ಆ ಮಾತಿನಿಂದ.

ಸರ್ಜನ್ ಜೊತೆ ಆದ ಮೊದಲ ಭೇಟಿ ಉದ್ದವಾಗಿತ್ತು. ನನಗೆ ಅತಿ ಹೆಚ್ಚು ಉಪಯೋಗವಾದ ಭೇಟಿಯೂ ಅದೇ. ಅವರು ಮುಖ ಹೇಗೆ ಕಾಣಬೇಕು ಅಂತ ಶುರು ಮಾಡಲಿಲ್ಲ. ಏನು ಅಗಿಯಲು ಆಗುವುದಿಲ್ಲ, ದವಡೆಯ ಕೀಲು ನೋಯುತ್ತದಾ, ನಿದ್ದೆ ಹೇಗೆ, ಮೂಗಿನಲ್ಲಿ ಉಸಿರಾಡಲು ಆಗುತ್ತದಾ, ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರು. ಆಮೇಲೆ ನಿದ್ದೆ ಪರೀಕ್ಷೆಗೆ ಕಳಿಸಿದರು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುತ್ತಿರುವುದು ಅದರಲ್ಲಿ ಗೊತ್ತಾಯಿತು. ಸ್ಲೀಪ್ ಆಪ್ನಿಯಾ. ಕೆಳದವಡೆ ಹಿಂದಿದ್ದರೆ ನಾಲಿಗೆಯೂ ಹಿಂದಕ್ಕೇ ಇರುತ್ತದೆ, ಮಲಗಿದಾಗ ಗಂಟಲಿನ ದಾರಿ ಕಿರಿದಾಗುತ್ತದೆ. ದವಡೆ ಮುಂದೆ ತಂದರೆ ಅದಕ್ಕೆ ಅಂಟಿಕೊಂಡಿರುವ ನಾಲಿಗೆಯ ಸ್ನಾಯುಗಳೂ ಮುಂದೆ ಬರುತ್ತವೆ. ಎರಡೂ ದವಡೆ ಮುಂದೆ ತರುವ ಸರ್ಜರಿಯನ್ನು ಆಪ್ನಿಯಾಗೇ ಚಿಕಿತ್ಸೆಯಾಗಿ ಮಾಡುವುದೂ ಉಂಟು. ನಡುವಯಸ್ಸಿನಲ್ಲಿ ದವಡೆ ಸರ್ಜರಿ ಯೋಚಿಸುತ್ತಿರುವವರು ನಿದ್ದೆ ಪರೀಕ್ಷೆ ಮಾಡಿಸಲೇಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಕೆಳದವಡೆ ಮುಂದೆ ಚಾಚಿರುವವರಿಗೆ ಅದನ್ನು ಹಿಂದಕ್ಕೆ ತಳ್ಳುವ ಸರ್ಜರಿಯಲ್ಲಿ ಉಸಿರಿನ ದಾರಿ ಕಿರಿದಾಗುವ ಸಾಧ್ಯತೆ ಇದೆ, ಅವರಿಗಂತೂ ಇದು ಇನ್ನೂ ಮುಖ್ಯ.

ಈ ಸರ್ಜರಿ ಹೊಸ ಪ್ರಯೋಗ ಏನಲ್ಲ. ಮೇಲ್ದವಡೆಯನ್ನು ಕತ್ತರಿಸುವ ಗೆರೆಗೆ ಲಫೋರ್ 1 ಅಂತ ಹೆಸರು. 1901ರಲ್ಲಿ ಮುಖದ ಮೂಳೆ ಯಾವ ಗೆರೆಗಳಲ್ಲಿ ಮುರಿಯುತ್ತದೆ ಅಂತ ವಿವರಿಸಿದ ಫ್ರೆಂಚ್ ಸರ್ಜನ್ ರೆನೆ ಲಫೋರ್ ಅವರ ಹೆಸರು ಅದು. ಕೆಳದವಡೆಯನ್ನು ಎರಡೂ ಕಡೆ ಉದ್ದಕ್ಕೆ ಸೀಳಿ, ಒಂದರ ಮೇಲೊಂದು ಜಾರಿಸಿ ಕೂರಿಸುವ ವಿಧಾನವನ್ನು ಟ್ರೌನರ್ ಮತ್ತು ಒಬ್ವೆಗೆಸರ್ 1957ರಲ್ಲಿ ಪ್ರಕಟಿಸಿದರು. ಹೀಗೆ ಸೀಳಿದರೆ ಮೂಳೆಗೆ ಮೂಳೆ ಅಗಲವಾಗಿ ತಾಗಿಕೊಂಡೇ ಇರುತ್ತದೆ, ಅದಕ್ಕೇ ಚೆನ್ನಾಗಿ ಕೂಡಿಕೊಳ್ಳುತ್ತದೆ. ಹಿಂದೆ ಮೂಳೆ ಕೂಡುವ ತನಕ ವಾರಗಟ್ಟಲೆ ಮೇಲಿನ ಕೆಳಗಿನ ಹಲ್ಲನ್ನು ತಂತಿಯಲ್ಲಿ ಬಿಗಿದು ಬಾಯಿ ಮುಚ್ಚಿಬಿಡುತ್ತಿದ್ದರು. ಈಗ ಸಾಮಾನ್ಯವಾಗಿ ಟೈಟಾನಿಯಂ ಪ್ಲೇಟ್, ಸ್ಕ್ರೂ ಹಾಕುತ್ತಾರೆ, ತಂತಿಯ ಜಾಗದಲ್ಲಿ ರಬ್ಬರ್ ಬ್ಯಾಂಡ್ ಸಾಕಾಗುತ್ತದೆ. ಪ್ಲೇಟು ತೊಂದರೆ ಕೊಡದಿದ್ದರೆ ಹಾಗೇ ಬಿಡುತ್ತಾರೆ.

ವಯಸ್ಸು ಅಡ್ಡಿಯಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಹಲ್ಲು ಯಾವ ವಯಸ್ಸಿನಲ್ಲೂ ಜರುಗುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟುಬಂದ ಕಡೆ ಹೊಸ ಮೂಳೆ ಬರುತ್ತದೆ, ಆ ಕೆಲಸ ನಲವತ್ತಕ್ಕೆ ನಿಲ್ಲುವುದಿಲ್ಲ. ನೋಡಬೇಕಾದ್ದು ಬಾಯಿಯ ಸ್ಥಿತಿಯನ್ನು. ನಮ್ಮ ವಯಸ್ಸಿನ ಬಾಯಿಗೆ ಒಂದು ಚರಿತ್ರೆ ಇರುತ್ತದೆ ಅಲ್ವಾ.

ವಸಡಿನಿಂದ ಶುರು ಮಾಡಬೇಕು. ವಸಡಿನ ರೋಗ ಇದ್ದು, ಅದು ಹತೋಟಿಗೆ ಬರದೆ ಬ್ರೇಸಸ್ ಹಾಕಿದರೆ, ಹಲ್ಲು ಹಿಡಿದಿರುವ ಮೂಳೆ ಇನ್ನೂ ಬೇಗ ಕರಗುತ್ತದೆ. ವಸಡು ಹಿಂದೆ ಸರಿದು ಸ್ವಲ್ಪ ಮೂಳೆ ಕಡಿಮೆಯಾಗಿದ್ದರೂ, ರೋಗ ನಿಂತಿದ್ದರೆ ಚಿಕಿತ್ಸೆ ಸಾಧ್ಯ, ಆದರೆ ಬಲ ಕಡಿಮೆ ಹಾಕಬೇಕು, ಮಧ್ಯೆ ಮಧ್ಯೆ ವಸಡಿನ ಡಾಕ್ಟರ್ ನೋಡುತ್ತಿರಬೇಕು. ನನಗೆ ಮೊದಲು ಆಳವಾಗಿ ಕ್ಲೀನಿಂಗ್ ಮಾಡಿ, ವಸಡು ಗಟ್ಟಿಯಾಗುವ ತನಕ ಕಾಯಿಸಿದರು. ಆಗ ಬೇಜಾರಾಯಿತು, ಈಗ ಅದು ಸರಿಯಾದ ಕೆಲಸ ಅಂತ ಖಾತ್ರಿಯಾಗಿದೆ. ಇನ್ನೊಂದು ವಿಷಯ ಮೊದಲೇ ಕೇಳಿ ತಿಳಿದುಕೊಳ್ಳಿ: ಒತ್ತೊತ್ತಾಗಿದ್ದ ಹಲ್ಲುಗಳು ನೆಟ್ಟಗಾದಾಗ ವಸಡಿನ ಹತ್ತಿರ ಕಪ್ಪು ತ್ರಿಕೋನದಂಥ ಸಂದುಗಳು ಕಾಣಿಸಬಹುದು. ದೊಡ್ಡವರಲ್ಲಿ ಇದು ಜಾಸ್ತಿ. ಹಲ್ಲಿನ ಪಕ್ಕ ಸ್ವಲ್ಪ ಉಜ್ಜಿ ಅಥವಾ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿ ಕಡಿಮೆ ಮಾಡಬಹುದು, ಆದರೆ ಗೊತ್ತಿಲ್ಲದೆ ಕನ್ನಡಿಯಲ್ಲಿ ನೋಡಿದರೆ ಗಾಬರಿಯಾಗುತ್ತದೆ.

ಆಮೇಲೆ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಕೂರಿಸುವ ಕೃತಕ ಬೇರು. ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಇಂಪ್ಲಾಂಟ್ ಮೂಳೆಗೆ ನೇರವಾಗಿ ಬೆಸೆದುಕೊಂಡಿರುತ್ತದೆ, ಗೋಡೆಗೆ ಹೊಡೆದ ಮೊಳೆಯ ಹಾಗೆ, ಬ್ರೇಸಸ್‌ನಿಂದ ಅದು ಜರುಗುವುದೇ ಇಲ್ಲ. ಹಾಗಾಗಿ ಹಲ್ಲು ಕಳೆದುಕೊಂಡು ಇಂಪ್ಲಾಂಟ್ ಹಾಕಿಸಬೇಕು ಅಂತ ಇರುವವರು, ಬ್ರೇಸಸ್ ಬಗ್ಗೆ ಸ್ವಲ್ಪವಾದರೂ ಯೋಚನೆ ಇದ್ದರೆ, ಮೊದಲು ಆರ್ಥೊಡಾಂಟಿಸ್ಟ್ ನೋಡಿ. ಜಾಗ ಸರಿಯಾದ ಮೇಲೆ ಇಂಪ್ಲಾಂಟ್ ಹಾಕಿಸಬಹುದು. ಈಗಾಗಲೇ ಹಾಕಿಸಿದ್ದರೆ ಅದನ್ನೇ ಆಧಾರ ಮಾಡಿಕೊಂಡು ಬೇರೆ ಹಲ್ಲು ಎಳೆಯಬಹುದು, ಪ್ಲಾನ್ ಮಾತ್ರ ಅದರ ಸುತ್ತಲೇ ಆಗಬೇಕು. ಕ್ಯಾಪ್ ಇರುವ ಹಲ್ಲಿಗೆ ಬ್ರಾಕೆಟ್ ಅಂಟುತ್ತದೆ, ಆದರೆ ನಿಜವಾದ ಹಲ್ಲಿನಷ್ಟು ಸುಲಭವಾಗಿ ಅಲ್ಲ. ನನ್ನದು ಕ್ಯಾಪ್ ಮೇಲಿನಿಂದ ಪದೇಪದೇ ಬಿಟ್ಟುಬಂತು, ಕೊನೆಗೆ ಆ ಹಲ್ಲಿಗೆ ಸುತ್ತಲೂ ಬಳೆಯಂಥ ಬ್ಯಾಂಡ್ ಹಾಕಿದರು.

ಮಾತ್ರೆಗಳ ಪಟ್ಟಿ ಪೂರ್ತಿ ಕೊಡಿ, ಏನೂ ಮುಚ್ಚಿಡಬೇಡಿ. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೋನೇಟ್ ಗುಂಪಿನ ಔಷಧಿಗಳು ಹಲ್ಲು ಜರುಗುವುದನ್ನು ನಿಧಾನ ಮಾಡುತ್ತವೆ, ಹಲ್ಲು ಕೀಳುವಾಗ ಅಥವಾ ದವಡೆಗೆ ಕೈ ಹಾಕುವಾಗ ಮೂಳೆ ಗುಣವಾಗದೆ ಉಳಿಯುವ ಅಪಾಯವೂ ಇದೆ. ಐವತ್ತು ದಾಟಿದ ಹೆಂಗಸರಲ್ಲಿ ಈ ಔಷಧಿ ತಗೊಳ್ಳುವವರು ಬಹಳ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರಬೇಕು. ಸಿಗರೇಟ್ ಬಿಡಲೇಬೇಕು, ಗಾಯವೂ ಮೂಳೆಯೂ ಗುಣವಾಗಲು ಅದು ಅಡ್ಡಿ. ಮೇಲಿನ ಅಂಗುಳ ಕಿರಿದಾಗಿದ್ದರೆ ಅದನ್ನು ಅಗಲ ಮಾಡಲು ಮಕ್ಕಳಿಗೆ ಹಾಕುವ ಎಕ್ಸ್‌ಪಾಂಡರ್ ನಮಗೆ ಅದೇ ಥರ ಕೆಲಸ ಮಾಡುವುದಿಲ್ಲ, ಅಂಗುಳದ ಮಧ್ಯದ ಕೂಡುಗೆರೆ ಆಗಲೇ ಗಟ್ಟಿಯಾಗಿರುತ್ತದೆ. ಅಗಲ ಮಾಡಲು ಸಣ್ಣ ಸ್ಕ್ರೂಗಳ ಸಹಾಯವೋ, ಪುಟ್ಟ ಸರ್ಜರಿಯೋ ಬೇಕಾಗಬಹುದು.

ಬ್ರೇಸಸ್ ವಿಧಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆರಾಮಿಕ್ ಹಲ್ಲಿನ ಬಣ್ಣದಲ್ಲಿ ಇರುತ್ತದೆ, ದೂರದಿಂದ ಅಷ್ಟು ಕಾಣುವುದಿಲ್ಲ. ಆದರೆ ಒಡೆಯಬಹುದು, ಅದಕ್ಕೇ ಕೆಲವು ಸರ್ಜನ್‌ಗಳು ಲೋಹದ್ದೇ ಇರಲಿ ಅಂತಾರೆ. ಅಲೈನರ್ ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು, ಸರ್ಜರಿ ಸಮಯದಲ್ಲಿ ರಬ್ಬರ್ ಕಟ್ಟಲು ಬೇರೆ ಕೊಕ್ಕೆಗಳ ವ್ಯವಸ್ಥೆ ಬೇಕು. ನಾನು ಲೋಹದ್ದನ್ನೇ ಹಾಕಿಸಿದೆ. ಈ ವಯಸ್ಸಿನಲ್ಲಿ ನಾಚಿಕೆ ಆಗಲ್ವಾ ಅಂತ ಕೆಲವರು ಕೇಳಿದರು. ಮೊದಲ ಕೆಲವು ವಾರ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ್ದು ನಿಜ, ಆಮೇಲೆ ನನಗೂ ಮರೆತುಹೋಯಿತು, ನೋಡುವವರಿಗೂ ಮರೆತುಹೋಯಿತು. ನಿಜವಾದ ಕಷ್ಟ ಕ್ಲೀನಿಂಗ್. ಪ್ರತಿ ಸಲ ಊಟ ಆದ ಮೇಲೆ ತಂತಿಯ ಕೆಳಗೆ ಸಣ್ಣ ಬ್ರಷ್ ಹಾಕಿ ತೆಗೆಯಬೇಕು. ವಾಟರ್ ಫ್ಲಾಸರ್ ತಗೊಳ್ಳಿ, ಕೊಂಡಿದ್ದಕ್ಕೆ ಸಾರ್ಥಕ ಆಗುವ ವಸ್ತು ಅದು.

ಸರ್ಜರಿಗೆ ಮೊದಲಿನ ಬ್ರೇಸಸ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಮನಸ್ಸಿಗೆ ಅತಿ ಕಷ್ಟದ ಕಾಲ ಇದು. ನಾನು ಮೇಲೆ ಹೇಳಿದ ಹಾಗೆ ಹಲ್ಲುಗಳು ತಮ್ಮ ಸರಿಯಾದ ಜಾಗಕ್ಕೆ ಹೋದಂತೆಲ್ಲಾ ಮೇಲಿನ ಕೆಳಗಿನ ಸಾಲುಗಳ ಅಂತರ ಬೆಳೆಯುತ್ತದೆ. ಅಗಿಯುವುದು ಮೊದಲಿಗಿಂತ ಕಷ್ಟ. ಪಕ್ಕದಿಂದ ತೆಗೆದ ಫೋಟೋದಲ್ಲಿ ಗಲ್ಲ ಇನ್ನೂ ಹಿಂದೆ ಇದ್ದಂತೆ ಕಾಣುತ್ತದೆ. ಇದು ಪ್ಲಾನ್‌ನ ಭಾಗ ಅಂತ ಮೊದಲೇ ಹೇಳಿದ್ದರಿಂದ ನಾನು ತಡೆದುಕೊಂಡೆ. ಹೇಳದೇ ಇದ್ದರೆ ಅರ್ಧಕ್ಕೆ ಬಿಟ್ಟು ಓಡುವ ಹಾಗೆ ಆಗುತ್ತದೆ. ಮೊದಲು ಸರ್ಜರಿ ಮಾಡಿ ಆಮೇಲೆ ಹಲ್ಲು ಜೋಡಿಸುವ ಸರ್ಜರಿ ಫಸ್ಟ್ ವಿಧಾನವೂ ಇದೆ, ಎಲ್ಲರ ಬಾಯಿಗೂ ಅದು ಹೊಂದುವುದಿಲ್ಲ. ಬುದ್ಧಿ ಹಲ್ಲು ಕೆಳದವಡೆ ಸೀಳುವ ಜಾಗದಲ್ಲೇ ಇರುತ್ತದೆ, ಹಾಗಾಗಿ ಅನೇಕ ಸರ್ಜನ್‌ಗಳು ಸುಮಾರು ಆರು ತಿಂಗಳು ಮೊದಲೇ ತೆಗೆಸಿ ಮೂಳೆ ತುಂಬಲು ಬಿಡುತ್ತಾರೆ.

ಸರ್ಜರಿ ದಿನದ ಬಗ್ಗೆ ನನಗೆ ಹೇಳಲು ಕಡಿಮೆ ಇದೆ, ನಿದ್ದೆಯಲ್ಲಿದ್ದೆ. ಪೂರ್ತಿ ಅರಿವಳಿಕೆ, ಉಸಿರಿನ ಕೊಳವೆ ಮೂಗಿನಿಂದ ಹೋಗುತ್ತದೆ, ಕತ್ತರಿಸುವುದು ಹೆಚ್ಚಾಗಿ ಬಾಯಿಯ ಒಳಗೇ, ಹೊರಗೆ ಗಾಯದ ಗುರುತು ಕಾಣುವುದಿಲ್ಲ. ಕಂಪ್ಯೂಟರ್‌ನಲ್ಲಿ ಮೊದಲೇ ದವಡೆ ಜರುಗಿಸಿ ನೋಡಿ, ಅದರಂತೆ ಮುದ್ರಿಸಿದ ಪ್ಲಾಸ್ಟಿಕ್ ಸ್ಪ್ಲಿಂಟ್ (ಹಲ್ಲಿನ ಅಚ್ಚಿರುವ ತಟ್ಟೆ) ಇಟ್ಟು ಹಲ್ಲುಗಳನ್ನು ಅದರಲ್ಲಿ ಕೂರಿಸುತ್ತಾರೆ. ನನಗೆ ಮೇಲ್ದವಡೆಯ ಹಿಂಭಾಗವನ್ನು ಮೇಲಕ್ಕೆ ಎತ್ತಿ ಕೆಳದವಡೆಯನ್ನು ಮುಂದೆ ತಂದರು.

ಚೇತರಿಕೆಯ ಬಗ್ಗೆ ಮಾತ್ರ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನೋವು ನಾನು ಹೆದರಿದಷ್ಟು ಇರಲಿಲ್ಲ. ಊತ ಹೆದರಿದ್ದಕ್ಕಿಂತ ಜಾಸ್ತಿ. ಎರಡು ಮೂರು ದಿನದವರೆಗೆ ಏರುತ್ತಲೇ ಹೋಗುತ್ತದೆ, ಆಮೇಲೆ ಇಳಿಯಲು ಶುರು. ಮೂಗು ಕಟ್ಟಿರುತ್ತದೆ, ಬಾಯಿ ರಬ್ಬರ್‌ನಿಂದ ಬಿಗಿದಿರುತ್ತದೆ, ಮೂಗು ಜೋರಾಗಿ ಊದಿ ತೆಗೆಯುವ ಹಾಗಿಲ್ಲ. ಮೊದಲ ರಾತ್ರಿಗಳಲ್ಲಿ ಉಸಿರು ಸಿಗುತ್ತದೋ ಇಲ್ಲವೋ ಅನ್ನುವ ಗಾಬರಿ ಆಗುತ್ತದೆ. ತಲೆ ಎತ್ತರದಲ್ಲಿ ಇಟ್ಟು ಮಲಗಿ, ಪಕ್ಕದಲ್ಲಿ ಯಾರಾದರೂ ಇರಲಿ, ರಬ್ಬರ್ ಕತ್ತರಿಸಲು ಚಿಕ್ಕ ಕತ್ತರಿ ಕೈಗೆಟಕುವಂತೆ ಇರಲಿ. ಮೊದಲು ನೀರಿನಂಥದ್ದು ಮಾತ್ರ, ಆಮೇಲೆ ನುಣ್ಣಗೆ ಅರೆದದ್ದು, ಸುಮಾರು ಆರು ವಾರ ಗಟ್ಟಿ ಪದಾರ್ಥ ಅಗಿಯುವ ಹಾಗಿಲ್ಲ. ತೂಕ ಇಳಿಯುತ್ತದೆ, ಪ್ರೋಟೀನ್ ಸೇರಿಸಿ ಕುಡಿಯಿರಿ. ಎರಡನೇ ವಾರದಲ್ಲಿ ಕಾರಣ ಇಲ್ಲದೆ ಅಳು ಬರುತ್ತಿತ್ತು. ಇದು ಅನೇಕರಿಗೆ ಆಗುತ್ತದೆ, ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಆಫೀಸಿಗೆ ಎರಡು ವಾರ ರಜೆ ಸಾಕು ಅಂತ ಯಾರಾದರೂ ಹೇಳಿದರೆ, ನಮ್ಮ ವಯಸ್ಸಿನವರು ಅದರ ಎರಡರಷ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಬೇಗ ಹೋದರೂ ಮಾತಾಡಿ ಸುಸ್ತಾಗುತ್ತೀರಿ.

ಈಗ ಮರಗಟ್ಟುವ ವಿಷಯ. ಕೆಳದವಡೆಯ ಮೂಳೆಯ ಒಳಗೇ ಒಂದು ನರ ಹಾದುಹೋಗುತ್ತದೆ, ಕೆಳತುಟಿ ಮತ್ತು ಗಲ್ಲದ ಸ್ಪರ್ಶ ಗೊತ್ತಾಗುವುದು ಅದರಿಂದಲೇ. ಮೂಳೆ ಸೀಳುವಾಗ ಅದು ಎಳೆದಾಡುತ್ತದೆ. ಸರ್ಜರಿ ಆದ ತಕ್ಷಣ ಹೆಚ್ಚುಕಡಿಮೆ ಎಲ್ಲರಿಗೂ ತುಟಿ ಮರಗಟ್ಟಿರುತ್ತದೆ. ತಿಂಗಳುಗಳ ಮೇಲೆ ಬಹುಪಾಲು ವಾಪಸ್ ಬರುತ್ತದೆ, ಆದರೆ ಕೆಲವರಿಗೆ ಪೂರ್ತಿ ಬರುವುದಿಲ್ಲ, ವಯಸ್ಸು ಜಾಸ್ತಿಯಾದಷ್ಟು ಆ ಸಾಧ್ಯತೆ ಹೆಚ್ಚು. ನಡುವಯಸ್ಸಿನವರಿಗೆ ಈ ಸರ್ಜರಿಯ ನಿಜವಾದ ಬೆಲೆ ಇದೇ ಅಂತ ನನಗೆ ಅನ್ನಿಸುತ್ತದೆ. ತುಟಿ ಅಲ್ಲಾಡುತ್ತದೆ, ನಗು ಬರುತ್ತದೆ, ಅದಕ್ಕೆ ಬೇರೆ ನರ. ಸ್ಪರ್ಶ ಮಾತ್ರ ಮಂಕು. ನನಗೆ ಎಡಗಡೆ ಪೂರ್ತಿ ಬಂದಿದೆ, ಬಲಗಡೆ ಗಲ್ಲದ ಹತ್ತಿರ ಒಂದು ತೇಪೆಯಷ್ಟು ಜಾಗ ಇನ್ನೂ ಸರಿಯಾಗಿ ಗೊತ್ತಾಗುವುದಿಲ್ಲ. ಅಲ್ಲಿ ಏನಾದರೂ ಅಂಟಿದ್ದರೆ ಕನ್ನಡಿ ನೋಡಿಯೇ ತಿಳಿಯಬೇಕು. ನನಗೆ ಇದು ಒಪ್ಪಿಗೆ. ಕೊಳಲು ಊದುವವರಿಗೆ, ತುಟಿಯ ಸೂಕ್ಷ್ಮತೆಯೇ ಜೀವನವಾದವರಿಗೆ ಇದು ಒಪ್ಪಿಗೆ ಆಗದೇ ಇರಬಹುದು. ಸರ್ಜನ್‌ರನ್ನು ಈ ಪ್ರಶ್ನೆ ನೇರವಾಗಿ ಕೇಳಿ: ನೀವು ಮಾಡಿದವರಲ್ಲಿ ನನ್ನ ವಯಸ್ಸಿನ ಎಷ್ಟು ಜನಕ್ಕೆ ಮರಗಟ್ಟುವಿಕೆ ಉಳಿದಿದೆ? ತಡವರಿಸದೆ ಉತ್ತರ ಕೊಡುವವರ ಹತ್ತಿರ ಹೋಗಿ.

ದವಡೆಯ ಕೀಲಿನ ನೋವು ಹೋಗಲಿ ಅಂತಲೇ ಸರ್ಜರಿ ಮಾಡಿಸುವವರಿಗೆ ಒಂದು ಮಾತು. ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಹಾಗೇ ಇರುತ್ತದೆ, ಜಾಸ್ತಿ ಆಗುವುದೂ ಉಂಟು. ಹೋಗಿಯೇ ಹೋಗುತ್ತದೆ ಅಂತ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಮುಖದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದಲಾಗುತ್ತದೆ. ದವಡೆ ಮುಂದೆ ಬಂದಾಗ ಕತ್ತಿನ ಹತ್ತಿರದ ಜೋಲು ಚರ್ಮ ಸ್ವಲ್ಪ ಬಿಗಿಯಾಗುತ್ತದೆ, ನಮ್ಮ ವಯಸ್ಸಿನಲ್ಲಿ ಅದು ಒಳ್ಳೆಯದೇ. ಮೇಲ್ದವಡೆಯ ಸರ್ಜರಿಯಲ್ಲಿ ಮೂಗಿನ ಬುಡ ಅಗಲವಾಗಬಹುದು, ತಡೆಯಲು ಒಳಗಿನಿಂದ ಒಂದು ಹೊಲಿಗೆ ಹಾಕುತ್ತಾರೆ. ಸೂಕ್ಷ್ಮ ಊತ ಪೂರ್ತಿ ಇಳಿಯಲು ಆರು ತಿಂಗಳಿಂದ ಒಂದು ವರ್ಷ ಬೇಕು, ಅಲ್ಲಿಯವರೆಗೆ ತೀರ್ಮಾನ ಮಾಡಬೇಡಿ. ನಲವತ್ತು ಐವತ್ತು ವರ್ಷ ನೋಡಿಕೊಂಡು ಬಂದ ಮುಖ ಬೇರೆಯಾದಾಗ ಒಗ್ಗಿಕೊಳ್ಳಲು ಸಮಯ ಹಿಡಿಯುತ್ತದೆ, ಇಪ್ಪತ್ತರ ಹುಡುಗರಿಗಿಂತ ನಮಗೆ ಜಾಸ್ತಿ. ಬರೀ ಮುಖಕ್ಕಾಗಿ ಆದರೆ ಈ ವಯಸ್ಸಿನಲ್ಲಿ ನಾನು ಮಾಡಿಸುತ್ತಿರಲಿಲ್ಲ. ಹಲ್ಲು ಒಡೆಯುವುದು, ನಿದ್ದೆ ಕೆಡುವುದು ನಿಲ್ಲಲಿ ಅಂತ ಮಾಡಿಸಿದೆ, ಅವೆರಡೂ ನಿಂತಿವೆ. ಮತ್ತೆ ಮಾಡಿದ ನಿದ್ದೆ ಪರೀಕ್ಷೆಯ ವರದಿ ಎಷ್ಟೋ ಉತ್ತಮವಾಗಿ ಬಂತು. ಮುಂದಿನ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುವುದು ಅಂದರೆ ಏನು ಅಂತ ಈಗ ಗೊತ್ತಾಗಿದೆ.

ಕ್ಯಾಮೊಫ್ಲಾಜ್ ಆರಿಸಿದವರನ್ನು ನಾನು ತಪ್ಪು ಅನ್ನುವುದಿಲ್ಲ. ದವಡೆಯ ವ್ಯತ್ಯಾಸ ಕಡಿಮೆ ಇದ್ದು, ಉಸಿರು ಚೆನ್ನಾಗಿದ್ದರೆ ಅದೇ ಸಾಕು. ಏನೂ ಮಾಡಿಸದೆ, ರಾತ್ರಿ ಹಲ್ಲು ಕಾಯುವ ಗಾರ್ಡ್ ಹಾಕಿಕೊಂಡು, ವಸಡು ಚೆನ್ನಾಗಿ ಇಟ್ಟುಕೊಂಡು ಇರುವುದೂ ಒಂದು ಸರಿಯಾದ ಆಯ್ಕೆ. ಒಳ್ಳೆಯ ಡಾಕ್ಟರ್ ಆದರೆ ಈ ಮೂರೂ ದಾರಿ ನಿಮ್ಮ ಮುಂದೆ ಇಡಬೇಕು.

ಸರ್ಜರಿ ಆದ ಮೇಲೆ ಬ್ರೇಸಸ್ ಇನ್ನೂ ಆರು ತಿಂಗಳಿಂದ ಒಂದು ವರ್ಷ ಇರುತ್ತದೆ, ಕಚ್ಚುವಿಕೆಯನ್ನು ನಯವಾಗಿ ಕೂರಿಸಲು. ಆಮೇಲೆ ಹಲ್ಲು ಮತ್ತೆ ಜರುಗದಂತೆ ಹಿಡಿದಿಡುವ ರಿಟೇನರ್. ಈ ಭಾಗದಲ್ಲಿ ಸರ್ವಿಸ್ ಕಳಪೆ ಅಂತ ಹೇಳಲೇಬೇಕು. ವರ್ಷಗಟ್ಟಲೆ ಕಷ್ಟಪಟ್ಟ ಮೇಲೆ ಕೊನೆಯ ದಿನ ಒಂದು ಡಬ್ಬಿ ಕೈಗಿಟ್ಟು ಕಳಿಸುತ್ತಾರೆ. ಓಪನ್ ಬೈಟ್ ಇದ್ದವರಿಗೆ ಹಲ್ಲು ಮತ್ತೆ ತೆರೆದುಕೊಳ್ಳುವ ಪ್ರವೃತ್ತಿ ಇರುತ್ತದೆ, ನಾಲಿಗೆ ಹಲ್ಲಿನ ಮಧ್ಯೆ ಬಂದು ಒತ್ತುತ್ತಿದ್ದರಂತೂ ಇನ್ನೂ ಜಾಸ್ತಿ. ನಾಲಿಗೆ ಇಡುವ ಜಾಗದ ಅಭ್ಯಾಸ ಹೇಳಿಕೊಡುವ ಥೆರಪಿಸ್ಟ್ ಇದ್ದಾರಾ ಅಂತ ಕೇಳಿ. ರಾತ್ರಿ ರಿಟೇನರ್ ಎಲ್ಲಿಯವರೆಗೆ ಅಂದರೆ, ಹಲ್ಲು ಹಾಗೇ ನಿಲ್ಲಬೇಕು ಅನ್ನುವವರೆಗೆ. ಬ್ರೇಸಸ್ ತೆಗೆದ ದಿನವೇ ಬಾಯಿಯ ಸ್ಕ್ಯಾನ್ ಮಾಡಿಸಿ, ಆ ಫೈಲಿನ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ರಿಟೇನರ್ ಒಡೆದರೆ ಅಥವಾ ಕಳೆದರೆ, ಬೇರೆ ಊರಲ್ಲಿದ್ದರೂ ಅದನ್ನು ಕೊಟ್ಟು ಬೇಗ ಇನ್ನೊಂದು ಮಾಡಿಸಬಹುದು. ನಾನು ಒಂದು ಜೊತೆ ಹೆಚ್ಚುವರಿಯಾಗಿ ಮಾಡಿಸಿ ಇಟ್ಟಿದ್ದೇನೆ.